‘ದಿನಕ್ಕೆ ಎರಡೇ ಅಲ್ವಾ ಸೇದೋದು?’: ಹೊಗೆಸೊಪ್ಪಿನ ಸೀಮೆಯಲ್ಲಿ ಕೂತು ಹಾರ್ಟ್ ಅಟ್ಯಾಕ್ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)



"ನಾನೇನು ಪ್ಯಾಕ್‌ಗಟ್ಟಲೆ ಸೇದಲ್ಲಪ್ಪ. ದಿನಕ್ಕೆ ಒಂದೋ ಎರಡೋ, ಅದೂ ಟೀ ಜೊತೆ." ಈ ಮಾತನ್ನ ನೀವು ಟೀ ಅಂಗಡಿ ಮುಂದೆ ಕೇಳಿರ್ತೀರ. ಕೆಲವರು ನೀವೇ ಹೇಳಿರ್ತೀರ. ಕೇಳೋಕೆ ಸರಿಯಾಗೇ ಇದೆ ಅನ್ಸುತ್ತೆ. ಇಪ್ಪತ್ತು ಸೇದೋನಿಗೆ ಇಪ್ಪತ್ತರಷ್ಟು ಅಪಾಯ, ಎರಡು ಸೇದೋನಿಗೆ ಎರಡರಷ್ಟು. ಲೆಕ್ಕ ಮುಗೀತು, ಅಲ್ವಾ?

ಮುಗಿಯಲ್ಲ. ಹೃದಯದ ವಿಷಯದಲ್ಲಿ ಈ ಲೆಕ್ಕ ಪೂರ್ತಿ ತಪ್ಪು. ಎಷ್ಟು ತಪ್ಪು, ಯಾಕೆ ತಪ್ಪು ಅನ್ನೋದೇ ಇವತ್ತಿನ ಸಂಚಿಕೆ. ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವನು. ಲೆಕ್ಕ ಮಾತ್ರ ನೋಡೋಕೆ ಬರುತ್ತೆ. ಇನ್ನೊಂದು ವಿಷಯ: ನಾನು ಹುಣಸೂರು ತಾಲ್ಲೂಕಿನವನು. ನಮ್ಮನೇಲಿ ಹೊಗೆಸೊಪ್ಪು ಬೆಳೀತಾರೆ. ನನ್ನ ಕಾಲೇಜು ಫೀಸ್ ಕಟ್ಟಿದ್ದು ಅದೇ ದುಡ್ಡು. ಹಾಗಾಗಿ ರೈತರಿಗೆ ಬುದ್ಧಿ ಹೇಳೋಕೆ ನಾನು ಇಲ್ಲಿ ಕೂತಿಲ್ಲ.

ದೊಡ್ಡಪ್ಪನ ‘ಗ್ಯಾಸ್ಟ್ರಿಕ್’

ನಮ್ಮ ಕಡೆ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಈ ನಾಲ್ಕು ತಾಲ್ಲೂಕು ಅಂದ್ರೆ ವರ್ಜೀನಿಯಾ ತಂಬಾಕಿನ ಸೀಮೆ. ಸಿಗರೇಟಿಗೆ ಹೋಗೋ ಸೊಪ್ಪು ಇದೇ. ಈಚಿನ ವರ್ಷಗಳಲ್ಲಿ ತಂಬಾಕು ಮಂಡಳಿ ಕರ್ನಾಟಕಕ್ಕೆ ಕೊಡ್ತಿರೋ ಮಿತಿ ಸುಮಾರು 10 ಕೋಟಿ ಕೆ.ಜಿ. ಅದರಲ್ಲಿ ಹೆಚ್ಚಿನ ಪಾಲು ಈ ಭಾಗದಿಂದಲೇ ಹೋಗುತ್ತೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳ ಹೆಸರು ಪೇಪರಲ್ಲಿ ಓದಿರ್ತೀರ.

ಮುಂಗಾರಲ್ಲಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಒಳಗೆ ತುಂಬ್ತಾರೆ. ಆಮೇಲೆ ಐದಾರು ದಿನ ಹಗಲು ರಾತ್ರಿ ಒಲೆ ಉರೀಬೇಕು. ಉರಿ ಹೆಚ್ಚಾದ್ರೂ ಕಷ್ಟ, ಕಡಿಮೆ ಆದ್ರೂ ಕಷ್ಟ. ಹಾಗಾಗಿ ಮನೇಲಿ ಒಬ್ಬರು ರಾತ್ರಿ ಎಲ್ಲಾ ಎದ್ದಿರ್ಲೇಬೇಕು.

ಕೆಲವು ವರ್ಷದ ಹಿಂದೆ ಹಾಗೆ ಎದ್ದಿದ್ದವರು ನಮ್ಮ ದೊಡ್ಡಪ್ಪ. ಆಗ ಅವರಿಗೆ 49 ವರ್ಷ. ರಾತ್ರಿ ಎರಡು ಗಂಟೆ ಹೊತ್ತಿಗೆ ಎದೆ ಬಿಗಿ ಹಿಡಿದ ಹಾಗೆ ಆಯ್ತಂತೆ, ಮೈಯೆಲ್ಲ ಬೆವರು. ಒಲೆ ಮುಂದೆ ಕೂತಿದ್ದಕ್ಕೆ ಬೆವರು, ಹೊಟ್ಟೆ ಹಸಿದಿದ್ದಕ್ಕೆ ಗ್ಯಾಸು ಅಂದ್ಕೊಂಡ್ರು. ದೊಡ್ಡಮ್ಮ ಜೀರಿಗೆ ಕಷಾಯ ಮಾಡಿ ಕೊಟ್ರು. ಬೆಳಗ್ಗೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದ್ರೆ ಅಲ್ಲೂ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ಮೈಸೂರು ಮುಟ್ಟಿ ಇಸಿಜಿ ಮಾಡಿಸೋ ಹೊತ್ತಿಗೆ ಮಧ್ಯಾಹ್ನ. ಹಾರ್ಟ್ ಅಟ್ಯಾಕ್. ಸ್ಟೆಂಟ್ ಹಾಕಿದ್ರು, ಜೀವ ಉಳೀತು. ಆದ್ರೆ ಆ ಹತ್ತು ಗಂಟೆಯಲ್ಲಿ ಹೃದಯದ ಮಾಂಸಖಂಡ ಒಂದಿಷ್ಟು ಸತ್ತೇ ಹೋಗಿತ್ತು. ಈಗ ಬ್ಯಾರನ್ ಹತ್ತಿ ಕಡ್ಡಿ ತುಂಬೋಕೆ ಅವರ ಕೈಲಿ ಆಗಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲನೇ ಪ್ರಶ್ನೆ, "ಸಿಗರೇಟ್ ಸೇದ್ತೀರಾ?" ದೊಡ್ಡಪ್ಪನ ಉತ್ತರ: "ಜಾಸ್ತಿ ಇಲ್ಲ ಸಾರ್, ದಿನಕ್ಕೆ ಮೂರೇ."

ಅವರಿಗೆ ಶುಗರ್ ಇರಲಿಲ್ಲ. ಹೊಲದಲ್ಲಿ ದುಡಿಯೋ ಮೈ. "ಮೂರಕ್ಕೆಲ್ಲ ಹಿಂಗಾಗುತ್ತಾ?" ಅಂತ ಮನೇಲಿ ಎಲ್ಲರೂ ಕೇಳಿದ್ವಿ. ಮೂರು ಸಿಗರೇಟೇ ಕಾರಣ ಅಂತ ಒಬ್ಬ ಮನುಷ್ಯನ ವಿಷಯದಲ್ಲಿ ಯಾರೂ ಬರೆದು ಕೊಡೋಕಾಗಲ್ಲ. ಆದ್ರೆ ಸಾವಿರಾರು ಜನರ ಲೆಕ್ಕ ಇಟ್ಟವರು ಇದ್ದಾರೆ. ಅದನ್ನ ನೋಡೋಣ.

ಸೊಪ್ಪಿಗೆ ತಾಗಬಾರದ ಹೊಗೆ

ಅದಕ್ಕೂ ಮುಂಚೆ, ಹೊಗೆ ಒಳಗೆ ಹೋಗಿ ಏನು ಮಾಡುತ್ತೆ?

ಬ್ಯಾರನ್ ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತೆ. ಒಲೆ ಹೊರಗಡೆಯಿಂದ ಉರಿಯುತ್ತೆ. ಬಿಸಿ ಹೊಗೆ ತಗಡಿನ ಪೈಪೊಳಗೆ ಬ್ಯಾರನ್ ಸುತ್ತು ಹಾಕಿ ಮತ್ತೆ ಹೊರಗೇ ಹೋಗುತ್ತೆ. ಸೊಪ್ಪಿಗೆ ಶಾಖ ಮಾತ್ರ ತಾಗಬೇಕು, ಹೊಗೆ ತಾಗಬಾರದು. ಪೈಪು ತೂತಾಗಿ ಹೊಗೆ ಒಳಗೆ ನುಗ್ಗಿದ್ರೆ ಸೊಪ್ಪಿನ ಬಣ್ಣ, ವಾಸನೆ ಕೆಟ್ಟು ಹರಾಜಲ್ಲಿ ರೇಟು ಬೀಳುತ್ತೆ. ಅದಕ್ಕೇ ಸೀಸನ್ ಶುರುವಾಗೋ ಮುಂಚೆ ಪೈಪು ರಿಪೇರಿ ಮಾಡಿಸ್ತಾರೆ. ಅಂದ್ರೆ ಇಷ್ಟು ಜೋಪಾನವಾಗಿ ಹೊಗೆ ತಾಗದ ಹಾಗೆ ಬೇಯಿಸಿದ ಸೊಪ್ಪಿಗೆ ಕೊನೆಗೆ ನಾವು ಬೆಂಕಿ ಹಚ್ಚಿ, ಆ ಹೊಗೆಯನ್ನ ನೇರ ಎದೆಯೊಳಗೆ ಬಿಟ್ಕೊಳ್ತೀವಿ.

ಒಳಗೆ ಹೋದ ಮೇಲೆ ಮುಖ್ಯವಾಗಿ ಮೂರು ಕೆಲಸ ನಡೆಯುತ್ತೆ.

ಒಂದು, ನಿಕೋಟಿನ್. ಮಳೆಲಿ ನೆನೆದ ಹಸಿ ಸೊಪ್ಪು ಮುರಿದ ದಿನ ತಲೆಸುತ್ತು, ವಾಂತಿ ಆಗೋದು ನಮ್ಮ ಕಡೆ ಹೊಸದಲ್ಲ. ಚರ್ಮದ ಮೂಲಕ ನಿಕೋಟಿನ್ ಮೈಗೆ ಸೇರೋದೇ ಅದಕ್ಕೆ ಕಾರಣ. ಸಿಗರೇಟಲ್ಲಿ ಅದೇ ನಿಕೋಟಿನ್ ಕೆಲವೇ ಸೆಕೆಂಡಲ್ಲಿ ಮಿದುಳಿಗೆ ಹೋಗುತ್ತೆ. ಹೃದಯದ ಬಡಿತ ಏರುತ್ತೆ, ಬಿಪಿ ಏರುತ್ತೆ, ರಕ್ತನಾಳ ಬಿಗಿಯಾಗುತ್ತೆ. ಹೃದಯಕ್ಕೆ ಕೆಲಸ ಜಾಸ್ತಿ, ಆಮ್ಲಜನಕವೂ ಜಾಸ್ತಿ ಬೇಕು.

ಎರಡು, ಕಾರ್ಬನ್ ಮೊನಾಕ್ಸೈಡ್. ಹೃದಯಕ್ಕೆ ಆಮ್ಲಜನಕ ಜಾಸ್ತಿ ಬೇಕಾದ ಹೊತ್ತಲ್ಲೇ ಈ ಅನಿಲ ಬಂದು ಅಡ್ಡ ಕೂರುತ್ತೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕೆ ಅಂಟೋದಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದಕ್ಕೆ ಅಂಟುತ್ತೆ. ಬಸ್ಸಲ್ಲಿ ಸೀಟೆಲ್ಲಾ ಟವೆಲ್ ಹಾಕಿ ಹಿಡಿದಿಟ್ರೆ ಹತ್ತಬೇಕಾದವರು ಕೆಳಗೇ ನಿಲ್ಲಬೇಕಲ್ಲ, ಹಾಗೆ.

ಮೂರು, ಇದೇ ತುಂಬಾ ಮುಖ್ಯ: ರಕ್ತ ಹೆಪ್ಪುಗಟ್ಟೋದು. ಹೃದಯಕ್ಕೆ ರಕ್ತ ಕೊಡೋ ನಾಳಗಳು ಹೆಚ್ಚುಕಡಿಮೆ ಪೆನ್ನಿನ ರೀಫಿಲ್‌ನಷ್ಟೇ ದಪ್ಪ, ಮೂರು ನಾಲ್ಕು ಮಿಲಿಮೀಟರ್. ಅದರ ಒಳಗೋಡೆ ನುಣುಪಾಗಿರಬೇಕು. ಹೊಗೆಯಲ್ಲಿರೋ ರಾಸಾಯನಿಕಗಳು ಆ ಗೋಡೆಗೆ ಗಾಯ ಮಾಡುತ್ತವೆ. ಗಾಯ ಆದ ಕಡೆ ಕೊಬ್ಬು ಸೇರಿ ಗಂಟು ಕಟ್ಟುತ್ತೆ. ಒಂದು ದಿನ ಆ ಗಂಟು ಒಡೆಯುತ್ತೆ. ಒಡೆದ ಜಾಗಕ್ಕೆ ಪ್ಲೇಟ್‌ಲೆಟ್ ಅನ್ನೋ ರಕ್ತಕಣಗಳು ಓಡಿ ಬಂದು ಅಂಟಿಕೊಂಡು ಹೆಪ್ಪು ಕಟ್ಟುತ್ತವೆ. ನಾಳ ಬಂದ್. ಅದೇ ಹಾರ್ಟ್ ಅಟ್ಯಾಕ್. ಸಿಗರೇಟ್ ಸೇದೋರ ಪ್ಲೇಟ್‌ಲೆಟ್‌ಗಳು ಮೊದಲೇ ಅಂಟು ಅಂಟಾಗಿರುತ್ತವೆ. ನಾಳದಲ್ಲಿ ದೊಡ್ಡ ಬ್ಲಾಕ್ ಇಲ್ಲದ ಚಿಕ್ಕ ವಯಸ್ಸಿನವರಿಗೂ ದಿಢೀರ್ ಅಂತ ಅಟ್ಯಾಕ್ ಆಗೋಕೆ ಇದೊಂದು ದೊಡ್ಡ ಕಾರಣ. ಸಣ್ಣ ಗಂಟು ಒಡೆದ್ರೂ ಸಾಕು, ಹೆಪ್ಪು ಉಳಿದ ಕೆಲಸ ಮುಗಿಸುತ್ತೆ.

ಈಗ ಆ ಲೆಕ್ಕ

2018ರ ಜನವರಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಆಲನ್ ಹ್ಯಾಕ್‌ಷಾ ಮತ್ತು ಸಂಗಡಿಗರು ಮಾಡಿದ್ದು. ಜನರನ್ನ ವರ್ಷಗಟ್ಟಲೆ ಗಮನಿಸಿದ 141 ಅಧ್ಯಯನಗಳನ್ನ ಒಟ್ಟಿಗೆ ಸೇರಿಸಿ ನೋಡಿದ್ರು.

ಯಾವತ್ತೂ ಸೇದದ ಗಂಡಸಿಗೆ ಹೋಲಿಸಿದ್ರೆ, ದಿನಕ್ಕೆ 20 ಸೇದೋರಿಗೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಸುಮಾರು 104% ಹೆಚ್ಚು. ಸರಿ, ಈಗ ನಮ್ಮ ಟೀ ಅಂಗಡಿ ಲೆಕ್ಕ ಹಾಕಿ. 104ನ್ನ 20ರಿಂದ ಭಾಗಿಸಿದ್ರೆ ಸುಮಾರು 5. ಅಂದ್ರೆ ದಿನಕ್ಕೆ ಒಂದೇ ಸೇದೋನಿಗೆ ಅಪಾಯ 5% ಹೆಚ್ಚಿರಬೇಕಿತ್ತು.

ಅವರು ಕಂಡಿದ್ದು 48%.

ಐದಲ್ಲ, ನಲವತ್ತೆಂಟು. ಇಪ್ಪತ್ತು ಸೇದೋನಿಗೆ ಇರೋ ಹೆಚ್ಚುವರಿ ಅಪಾಯದಲ್ಲಿ ಸರಿಸುಮಾರು ಅರ್ಧ, ಒಂದೇ ಒಂದು ಸಿಗರೇಟಿಗೆ ಬಂದುಬಿಡುತ್ತೆ. ದಿನಕ್ಕೆ ಒಂದು ಸೇದೋ ಹೆಂಗಸರಿಗೆ ಇದು ಇನ್ನೂ ಹೆಚ್ಚು, 57%.

ಆಟೋ ಮಿನಿಮಮ್ ಚಾರ್ಜ್ ಥರ ಅಂದ್ಕೊಳ್ಳಿ. ಹತ್ತಿ ಕೂತ ಕೂಡ್ಲೇ ಒಂದು ದೊಡ್ಡ ಮೊತ್ತ ಬಿತ್ತು. ಮುಂದಿನ ಒಂದೊಂದು ಕಿಲೋಮೀಟರಿಗೂ ಮೀಟರ್ ಏರುತ್ತೆ, ಇಲ್ಲ ಅಂತಲ್ಲ. ಆದ್ರೆ "ನಾನು ನೂರು ಮೀಟರ್ ಅಷ್ಟೇ ಹೋಗಿದ್ದು" ಅಂದ್ರೆ ಮಿನಿಮಮ್ ಚಾರ್ಜ್ ಬಿಡಲ್ಲ.

ಯಾಕೆ ಹೀಗೆ? ಪ್ಲೇಟ್‌ಲೆಟ್ ಅಂಟಾಗೋದಕ್ಕೆ, ನಾಳದ ಒಳಗೋಡೆ ಕೆಡೋದಕ್ಕೆ ತುಂಬಾ ಹೊಗೆ ಬೇಕಾಗಿಲ್ಲ. ಸ್ವಲ್ಪ ಹೊಗೆಗೇ ಹೆಚ್ಚಿನ ಹಾನಿ ಆಗಿಬಿಡುತ್ತೆ. ಸಾಕ್ಷಿ ಬೇಕಾ? ಮನೇಲಿ ಇನ್ನೊಬ್ಬರು ಸೇದಿ ಬಿಟ್ಟ ಹೊಗೆ ಕುಡಿಯೋರಿಗೂ ಹೃದ್ರೋಗದ ಅಪಾಯ 25ರಿಂದ 30% ಹೆಚ್ಚು ಅಂತ ಅಮೆರಿಕದ ಸರ್ಜನ್ ಜನರಲ್ 2006ರ ವರದಿಯಲ್ಲೇ ಹೇಳಿದ್ರು. ಕೈಯಲ್ಲಿ ಒಂದು ಸಿಗರೇಟೂ ಹಿಡಿಯದವರಿಗೆ! ಕ್ಯಾನ್ಸರ್ ವಿಷಯ ಬೇರೆ. ಶ್ವಾಸಕೋಶದ ಕ್ಯಾನ್ಸರಲ್ಲಿ ಸೇದಿದಷ್ಟೂ ಅಪಾಯ ಏರ್ತಾ ಹೋಗುತ್ತೆ. ನಾವು ಸಿಗರೇಟ್ ಅಂದ ಕೂಡ್ಲೇ ಕ್ಯಾನ್ಸರ್ ಲೆಕ್ಕದಲ್ಲೇ ಯೋಚನೆ ಮಾಡೋದ್ರಿಂದ "ಕಡಿಮೆ ಸೇದಿದ್ರೆ ಸೇಫ್" ಅನ್ನೋ ನಂಬಿಕೆ ಬಂದಿರೋದು.

ಇದೆಲ್ಲ ಫಾರಿನ್ ಲೆಕ್ಕ ಅಂತೀರಾ?

ಸರಿ, ಬೆಂಗಳೂರಿಗೇ ಬರೋಣ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ಮೊದಲ ಸಲ ಹಾರ್ಟ್ ಅಟ್ಯಾಕ್ ಆದ 200 ಜನರನ್ನ, ಆಗದ 200 ಜನರ ಜೊತೆ ಹೋಲಿಸಿ ನೋಡಿದ್ರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟ ಆಯ್ತು. ಎಲ್ಲ ಕಾರಣಗಳಲ್ಲಿ ಮುಂದೆ ನಿಂತಿದ್ದು ಧೂಮಪಾನ. ಸೇದೋರಲ್ಲಿ ಅಟ್ಯಾಕ್ ಸಂಭವ 3.6 ಪಟ್ಟು. ದಿನಕ್ಕೆ ಹತ್ತೋ ಅದಕ್ಕಿಂತ ಹೆಚ್ಚೋ ಸಿಗರೇಟು ಇಲ್ಲವೇ ಬೀಡಿ ಸೇದೋರಲ್ಲಿ 6.7 ಪಟ್ಟು.

ಆಮೇಲೆ ಬಂದಿದ್ದು ಇಂಟರ್‌ಹಾರ್ಟ್ ಅನ್ನೋ ದೊಡ್ಡ ಅಧ್ಯಯನ. 52 ದೇಶ, ಸುಮಾರು 27,000 ಜನ, ಅದರಲ್ಲಿ ಭಾರತವೂ ಇತ್ತು. ಅಲ್ಲೂ ಸೇದೋರಿಗೆ ಅಪಾಯ ಹತ್ತಿರ ಹತ್ತಿರ 3 ಪಟ್ಟು. ನಮ್ಮ ವಯಸ್ಸಿನವರು ಗಮನಿಸಬೇಕಾದ ಎರಡು ವಿಷಯ ಅದರಲ್ಲಿದೆ. ಮೊದಲನೆಯದು, ಚಿಕ್ಕ ವಯಸ್ಸಿನವರಲ್ಲಿ ಸಿಗರೇಟಿನ ಪರಿಣಾಮ ವಯಸ್ಸಾದವರಿಗಿಂತ ಜೋರು. ಎರಡನೆಯದು, ಭಾರತ ಮತ್ತು ಅಕ್ಕಪಕ್ಕದ ದೇಶದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಆಗೋ ವಯಸ್ಸು ಉಳಿದವರಿಗಿಂತ ಐದಾರು ವರ್ಷ ಮುಂಚೆ, 53ರ ಆಸುಪಾಸು. ಮೊದಲೇ ಬೇಗ ಬರೋ ಜನ ನಾವು, ಅದರ ಮೇಲೆ ಸಿಗರೇಟು.

ಬೀಡಿ, ಲೈಟ್ಸ್, ಕಡ್ಡಿಪುಡಿ

"ಬೀಡಿ ಅಂದ್ರೆ ಎಲೆ ಅಲ್ವಾ, ಏನಾಗಲ್ಲ" ಅಂತಾರೆ. ಇಂಟರ್‌ಹಾರ್ಟ್‌ನಲ್ಲಿ ಬೀಡಿಗೂ ಸಿಗರೇಟಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಅದೂ ಹತ್ತಿರ ಹತ್ತಿರ 3 ಪಟ್ಟು. ಫಿಲ್ಟರ್, ಲೈಟ್ಸ್ ಅನ್ನೋದೆಲ್ಲ ನಾಲಿಗೆಗೆ ಹಗುರ ಅನ್ಸುತ್ತೆ ಅಷ್ಟೇ, ಹೃದಯಕ್ಕೆ ಹಗುರ ಅಲ್ಲ. ಫಿಲ್ಟರ್ ಕಾರ್ಬನ್ ಮೊನಾಕ್ಸೈಡನ್ನ ತಡೆಯಲ್ಲ.

ನಮ್ಮ ರಾಜ್ಯದಲ್ಲಿ ಸೇದೋರಿಗಿಂತ ಅಗಿಯೋರೇ ಜಾಸ್ತಿ. 2016-17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ 8.8% ಜನ ಸೇದ್ತಾರೆ, 16.3% ಜನ ಹೊಗೆ ಇಲ್ಲದ ತಂಬಾಕು ಬಳಸ್ತಾರೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ, ಎಲ್ಲಾ ಸೇರಿ. ಅಗಿಯೋದು ಬಾಯಿ ಕ್ಯಾನ್ಸರಿಗೆ ಮಾತ್ರ ಅಂದ್ಕೋಬೇಡಿ. ಹಾರ್ಟ್ ಅಟ್ಯಾಕ್ ಅಪಾಯ ಅಲ್ಲೂ ಎರಡು ಪಟ್ಟಿಗಿಂತ ಹೆಚ್ಚು ಕಂಡಿದೆ. ಎರಡೂ ಇದ್ದವರಿಗೆ ನಾಲ್ಕು ಪಟ್ಟು.

ಹಾಸನದ ಭಯ

2025ರ ಮೇ-ಜೂನ್ ನೆನಪಿದೆಯಾ? ಪಕ್ಕದ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದ್ರು ಅಂತ ಸುದ್ದಿ ಆಯ್ತು, ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ರು. ಜುಲೈನಲ್ಲಿ ಮೈಸೂರಿನ ಕೆ.ಆರ್.ಎಸ್. ರಸ್ತೆ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ. ವಾಟ್ಸಾಪಲ್ಲಿ ಮಾತ್ರ ಒಂದೇ ಮಾತು, "ಲಸಿಕೆ, ಲಸಿಕೆ."

ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ನೋಡಿ ಹೇಳಿದ್ದು, ಹಠಾತ್ ಸಾವುಗಳಿಗೂ ಕೋವಿಡ್ ಲಸಿಕೆಗೂ ಸಂಬಂಧ ಕಂಡುಬಂದಿಲ್ಲ ಅಂತ. ಬಿಪಿ, ಶುಗರ್, ಕೊಲೆಸ್ಟ್ರಾಲ್, ತಂಬಾಕು ಇವೆಲ್ಲ ಹಳೇ ಕಾರಣಗಳೇ. ಕ್ಯೂನಲ್ಲಿ ನಿಂತವರು ಹೊರಗೆ ಬಂದು ಒಂದು ಸಿಗರೇಟ್ ಸೇದಿ ಮತ್ತೆ ಕ್ಯೂಗೆ ಹೋಗಿದ್ದನ್ನ ನಾನೇ ನೋಡಿದ್ದೀನಿ. ತಮಾಷೆಗೆ ಹೇಳ್ತಿಲ್ಲ. ಭಯ ಇತ್ತು, ಆದ್ರೆ ಭಯಕ್ಕೂ ಕೈಲಿರೋ ಸಿಗರೇಟಿಗೂ ಸಂಬಂಧ ಇದೆ ಅಂತ ಅನ್ನಿಸಿರಲಿಲ್ಲ.

ಬಿಟ್ರೆ ಏನು ಲಾಭ?

ಇಲ್ಲಿ ಒಳ್ಳೆ ಸುದ್ದಿ ಇದೆ. ಹೊಗೆ ಹೃದಯವನ್ನ ಎಷ್ಟು ಬೇಗ ಕೆಡಿಸುತ್ತೋ, ಬಿಟ್ಟ ಮೇಲೆ ಚೇತರಿಕೆಯೂ ಬೇಗ ಶುರುವಾಗುತ್ತೆ. 20 ನಿಮಿಷದಲ್ಲಿ ಬಡಿತ ಇಳಿಯೋಕೆ ಶುರು. ಒಂದೆರಡು ದಿನದಲ್ಲಿ ರಕ್ತದ ಕಾರ್ಬನ್ ಮೊನಾಕ್ಸೈಡ್ ಮಾಮೂಲಿ ಮಟ್ಟಕ್ಕೆ ಬರುತ್ತೆ. ಒಂದು ವರ್ಷದ ಹೊತ್ತಿಗೆ ಸಿಗರೇಟಿಂದ ಸೇರಿಕೊಂಡಿದ್ದ ಹೆಚ್ಚುವರಿ ಅಪಾಯ ಅರ್ಧದಷ್ಟು ಕಡಿಮೆ ಆಗುತ್ತೆ. ಅಟ್ಯಾಕ್ ಆದ ಮೇಲೆ ಬಿಟ್ಟವರಲ್ಲೂ, ಬಿಡದವರಿಗೆ ಹೋಲಿಸಿದ್ರೆ ಸಾವಿನ ಸಾಧ್ಯತೆ ಮೂರನೇ ಒಂದು ಭಾಗದಷ್ಟು ಕಡಿಮೆ. "ಆಗಿದ್ದು ಆಯ್ತು, ಇನ್ನೇನು ಬಿಡೋದು" ಅನ್ನೋ ಮಾತಿಗೆ ಅರ್ಥ ಇಲ್ಲ.

ಆದ್ರೆ ಗಮನಿಸಿ, ಈ ಲಾಭ ಬಿಟ್ಟವರಿಗೆ, ಕಡಿಮೆ ಮಾಡಿದವರಿಗಲ್ಲ. ಹತ್ತರಿಂದ ಎರಡಕ್ಕೆ ಇಳಿಸಿದ್ದೀನಿ ಅಂದ್ರೆ ಒಳ್ಳೇದು, ಅದು ಮೆಟ್ಟಿಲು. ಅಲ್ಲೇ ಕೂತ್ರೆ ಮಿನಿಮಮ್ ಚಾರ್ಜ್ ಕಟ್ತಾನೇ ಇರ್ತೀರ.

ಹೇಗೆ ಬಿಡೋದು? ಸೇದಬೇಕು ಅನ್ನೋ ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತೆ. ಮೊದಲ ಒಂದೆರಡು ವಾರ ತುಂಬಾ ಕಷ್ಟ, ಆಮೇಲೆ ಇಳಿಯುತ್ತೆ. ಟೀ ಜೊತೆ ಸೇದೋರು ಕೆಲವು ದಿನ ಟೀ ಅಂಗಡಿಯನ್ನೇ ಬದಲಾಯಿಸಿ. ನಿಕೋಟಿನ್ ಗಮ್ ಮೆಡಿಕಲ್ ಸ್ಟೋರಲ್ಲಿ ಸಿಗುತ್ತೆ. ಹೃದಯದ ತೊಂದರೆ ಇದ್ದವರು ಡಾಕ್ಟರ್ ಕೇಳಿ ತಗೊಳ್ಳಿ. ಸರ್ಕಾರದ ಉಚಿತ ಸಹಾಯವಾಣಿ 1800-11-2356, ಕನ್ನಡದಲ್ಲೂ ಮಾತಾಡ್ತಾರೆ. ಇನ್ನೊಂದು ವಿಷಯ, 2025ರಿಂದ ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರೋದು ಅಪರಾಧ. ಬಿಡಿ ಸಿಗರೇಟ್ ಮಾರೋ ಹಾಗೂ ಇಲ್ಲ. ಅಂಗಡಿಯಲ್ಲಿ ಸಿಗುತ್ತೆ ಅನ್ನೋದು ಬೇರೆ ಮಾತು.

ಎದೆ ಬಿಗಿ ಹಿಡಿದ್ರೆ

ಕೊನೇ ಭಾಗ. ಇದನ್ನ ಮನೇಲಿ ಎಲ್ಲರಿಗೂ ಹೇಳಿ.

ಎದೆ ಮಧ್ಯೆ ಭಾರ, ಬಿಗಿತ, ಉರಿ. ಎಡಗೈ, ದವಡೆ, ಬೆನ್ನು ಅಥವಾ ಹೊಟ್ಟೆ ಮೇಲ್ಭಾಗಕ್ಕೆ ಹರಿಯೋ ನೋವು. ತಣ್ಣನೆ ಬೆವರು, ಉಸಿರು ಕಟ್ಟೋದು, ವಾಂತಿ. ಶುಗರ್ ಇದ್ದವರಲ್ಲಿ, ಹೆಂಗಸರಲ್ಲಿ ಕೆಲವು ಸಲ ನೋವೇ ಇರಲ್ಲ, ಬರೀ ಸುಸ್ತು, ಬೆವರು ಇರಬಹುದು. ಇದು ಗ್ಯಾಸೋ ಹಾರ್ಟೋ ಅಂತ ಮನೇಲಿ ಕೂತು ತೀರ್ಮಾನ ಮಾಡೋಕಾಗಲ್ಲ. ಇಸಿಜಿ ಬೇಕು. ಮೊದಲ ಇಸಿಜಿ ಸರಿ ಇದ್ದು ತೊಂದರೆ ನಿಲ್ಲದಿದ್ರೆ ಮತ್ತೊಂದು ಮಾಡಿ ಅಂತ ಕೇಳಿ.

108ಕ್ಕೆ ಫೋನ್ ಮಾಡಿ. ನೀವೇ ಬೈಕ್ ಓಡಿಸ್ಕೊಂಡು ಹೋಗ್ಬೇಡಿ. ಹುಣಸೂರಿಂದ ಮೈಸೂರಿಗೆ ಸುಮಾರು 45 ಕಿ.ಮೀ., ಪಿರಿಯಾಪಟ್ಟಣದಿಂದ ಇನ್ನೂ ದೂರ. ಅದಕ್ಕೇ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಇರೋದು. 2021ರ ಅಕ್ಟೋಬರ್ 29ಕ್ಕೆ 46ನೇ ವಯಸ್ಸಲ್ಲಿ ತೀರಿಕೊಂಡ ಅಪ್ಪು ಹೆಸರಲ್ಲಿ ರಾಜ್ಯ ಸರ್ಕಾರ ಮಾಡಿರೋದು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅದನ್ನ ನೋಡಿ ಹೇಳಿದ ಮೇಲೆ, ಬೇಕಾದವರಿಗೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಸಾವಿರಾರು ರೂಪಾಯಿ ಬೆಲೆಯ ಇಂಜೆಕ್ಷನ್ ಅದು. ಮೊದಲ ಒಂದು ಗಂಟೆಯೊಳಗೆ ಸಿಕ್ರೆ ಲಾಭ ತುಂಬಾ ಹೆಚ್ಚು, ತಡ ಆದಷ್ಟೂ ಕಡಿಮೆ.

ನಮ್ಮ ದೊಡ್ಡಪ್ಪ ಆವತ್ತು ರಾತ್ರಿ ಎರಡು ಗಂಟೆಗೆ ಹೊರಟಿದ್ರೆ? ಈ ಪ್ರಶ್ನೆ ನಮ್ಮನೇಲಿ ಈಗಲೂ ಬರುತ್ತೆ. ಅವರು ಆಸ್ಪತ್ರೆಯಿಂದ ಬಂದ ದಿನದಿಂದ ಒಂದೂ ಸೇದಿಲ್ಲ. ಬ್ಯಾರನ್ ಹತ್ತಿರ ಈಗಲೂ ಬಂದು ಕೂರ್ತಾರೆ, ಉರಿ ನೋಡಿ ಹೇಳ್ತಾರೆ. ಕಳೆದ ಸೀಸನ್‌ನಲ್ಲಿ ಸೊಪ್ಪು ಕಟ್ಟೋಕೆ ಬಂದ ಹುಡುಗ ಒಬ್ಬ ಬೆಂಕಿಪೊಟ್ಟಣ ಕೇಳಿದ. ದೊಡ್ಡಪ್ಪ ಕೊಡಲಿಲ್ಲ. "ದಿನಕ್ಕೆ ಎಷ್ಟ್ ಸೇದ್ತೀಯಪ್ಪ?" ಅಂದ್ರು.

"ಮೂರೇ, ಗೌಡ್ರೇ" ಅಂದ.

"ನಾನೂ ಅಷ್ಟೇ ಕಣಪ್ಪ ಸೇದ್ತಿದ್ದಿದ್ದು" ಅಂದ್ರು.

ನಿಮ್ಮ ಗೆಳೆಯರಲ್ಲಿ "ಎರಡೇ" ಅನ್ನೋರು ಒಬ್ಬರಾದ್ರೂ ಇರ್ತಾರೆ. ಅವರಿಗೆ ಈ ಸಂಚಿಕೆ ಕಳಿಸಿ.